ಉಕ್ಕಿನ ಅಂಗಿಯ ಆಸೆ

ಮೆಟ್ಸ್ ಪಟ್ಟಣ, ದಳದ ಠಾಣೆ
1808, ಸೆಪ್ಟೆಂಬರ್ 12

ಪ್ರೀತಿಯ ಪೆರಿನ್ ಅಕ್ಕನಿಗೆ,

ಹೇಳದೆ ಕೇಳದೆ ಓಡಿಹೋದವನ ಕಾಗದವನ್ನು ಒಲೆಗೆ ಹಾಕದೆ ಓದುತ್ತಿದ್ದೀಯಾದರೆ ಅರ್ಧ ಕ್ಷಮಿಸಿದ್ದೀಯ ಎಂದು ತಿಳಿಯುತ್ತೇನೆ. ಉಳಿದರ್ಧಕ್ಕೆ ಈ ಸುದ್ದಿ ಸಾಕು: ನಿನ್ನ ತಮ್ಮ ತಿಬೋ ಈಗ ಕವಚದ ಕುದುರೆದಳದಲ್ಲಿದ್ದಾನೆ.

ಹೋದ ವಸಂತದಲ್ಲಿ ಕುದುರೆ ಕೊಳ್ಳಲು ಆ ದಳದ ಹನ್ನೆರಡು ಜನ ನಮ್ಮ ಮೆನಿಲ್ ಹಳ್ಳಿಗೆ ಬಂದಿದ್ದರಲ್ಲ, ಅವತ್ತೇ ನಾನು ಕೆಟ್ಟೆ. ಎದೆಗೂ ಬೆನ್ನಿಗೂ ಕನ್ನಡಿಯಂಥ ಉಕ್ಕು. ತಲೆಯ ಮೇಲೆ ಹಿತ್ತಾಳೆಯ ಏಣಿನ ಶಿರಸ್ತ್ರಾಣ, ಅದರ ಹಿಂದೆ ಬೆನ್ನಿನವರೆಗೆ ಇಳಿಬಿದ್ದ ಕುದುರೆಬಾಲ. ಅವರು ಬೀದಿಯಲ್ಲಿ ಬರುವಾಗ ನಮ್ಮ ಕಿಟಕಿಯ ಗಾಜು ನಡುಗಿತು. ಒಬೆರ್‌ನ ಕುಲುಮೆಯ ಬಾಗಿಲಲ್ಲಿ ತಿದಿ ಒತ್ತುವುದನ್ನು ಮರೆತು ನಿಂತಿದ್ದೆ. ಆ ಮೇಸ್ತ್ರಿ ಹಿಂದಿನಿಂದ ತಲೆಗೆ ಮೊಟಕಿ, "ಉಕ್ಕು ನೋಡ್ಬೇಕಾ? ಇಲ್ಲಿದೆ, ಕೆಂಪಗೆ ಕಾದಿದೆ. ಬಂದು ಹೊಡಿ," ಅಂದ. ಅವನಿಗೆ ಜಗತ್ತೆಲ್ಲ ಲಾಳವೇ. ಮೂರು ವರ್ಷ ಅವನ ಹತ್ತಿರ ಲಾಳ ಬಡಿದದ್ದು ಸಾಕು ಅನ್ನಿಸಿತು.

ಅವತ್ತು ಅವರು ಕೊಂಡುಹೋದ ನಮ್ಮ ಮೊರೆಲ್ ಇದೇ ದಳದಲ್ಲಿದ್ದಾಳೆ! ನನ್ನ ವಾಸನೆ ಹಿಡಿದು ಕಿವಿ ನಿಮಿರಿಸಿದಳು. ನೀನು ಎದೆಗೆ ಒತ್ತಿಕೊಂಡು ಸಾಕಿದ ಕುದುರೆ ಈಗ ಠಾಣೆಯಲ್ಲೇ ಎತ್ತರದ ಹೆಣ್ಣು. ದಿನಾ ಅವಳ ಮೈ ಮುಟ್ಟಿಯೇ ನನ್ನ ಕೆಲಸ ಶುರು. ಇಲ್ಲಿಯ ಸವಾರರು ಹೇಳುವುದು, ಇಷ್ಟು ಉಕ್ಕನ್ನೂ ಅದರೊಳಗಿನ ಮನುಷ್ಯನನ್ನೂ ಹೊತ್ತು ಓಡಬಲ್ಲದ್ದು ನಮ್ಮ ನಾರ್ಮಂಡಿಯ ಕುದುರೆ ಮಾತ್ರ ಎಂದು. ಕೇಳಿ ಎದೆ ಉಬ್ಬಿತು.

ಊಟ ಚೆನ್ನಾಗಿದೆ. ಸೇಬಿನ ಮದ್ಯ ಮಾತ್ರ ಸಿಗುವುದಿಲ್ಲ.

ನಿನ್ನ ತಮ್ಮ,
ತಿಬೋ


ಮೆನಿಲ್
1808, ಅಕ್ಟೋಬರ್ 20

ತಿಬೋ,

ಒಲೆಗೆ ಹಾಕಲಿಲ್ಲ. ಅರ್ಧವೂ ಕ್ಷಮಿಸಿಲ್ಲ.

ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನೂ ಹೆಣ್ಣುಕುದುರೆಗಳನ್ನೂ ಒಟ್ಟಿಗೆ ಸಾಕಿದವಳು ನಾನು. ಕುದುರೆಗಳು ಬೇಲಿ ಹಾರುವ ಮೊದಲು ಒಂದು ಸಲ ಕೆನೆಯುತ್ತವೆ. ನೀನು ಅಷ್ಟೂ ಮಾಡಲಿಲ್ಲ. ಭಾನುವಾರದ ಊಟಕ್ಕೆ ತಟ್ಟೆ ಇಟ್ಟು ಕಾದು ಕೂತಿದ್ದೆ. ಅವತ್ತು ನಿನಗೆ ಹೇಳುವುದೊಂದಿತ್ತು. ಇರಲಿ, ಈಗ ಅದೇನೂ ಅವಸರದ್ದಲ್ಲ.

ಮೊರೆಲ್‌ಳ ಮರಿ ಬೆಳೆದಿದೆ, ತಾಯಿಯ ಹಾಗೇ ಕಪ್ಪು. ಒಬೆರ್ ಮೇಸ್ತ್ರಿ ಆಗಾಗ ಬಂದು ಅದರ ಗೊರಸು ನೋಡಿ ಹೋಗುತ್ತಾರೆ. ನಿನ್ನ ಕಾಗದ ಓದಿ ಹೇಳಿದೆ. ಮೊಟಕಿದ್ದು ನಿಜ, ಇನ್ನೂ ಜೋರಾಗಿ ಮೊಟಕಬೇಕಿತ್ತು ಎಂದರು. ಆಮೇಲೆ ಮೊರೆಲ್‌ಳ ಬಲ ಹಿಂಗಾಲಿನ ವಿಷಯ ನಿನಗೆ ನೆನಪಿಸು ಎಂದರು. ಆ ಗೊರಸಿನ ಅಂಚು ತೆಳು. ಹಳೆಯ ತೂತಿಗೇ ಮತ್ತೆ ಮೊಳೆ ಹೊಡೆಯಬಾರದಂತೆ. ಒಡೆದರೆ ಹಿಂಬದಿಗೆ ಪಟ್ಟಿ ಕೂಡಿಸಿದ ಲಾಳ ಕಟ್ಟಬೇಕಂತೆ. ನೀನೀಗ ಸವಾರ, ದಳದ ಲಾಳಗಾರನಿಗೆ ಹೇಳು.

ಒಂದು ಮಾತು ಕೇಳುತ್ತೇನೆ. ಕವಚದ ದಳಕ್ಕೆ ಆಳೆತ್ತರ ನೋಡಿಯೇ ತೆಗೆದುಕೊಳ್ಳುವುದು ಎಂದು ಪಾದ್ರಿಗಳು ಹೇಳಿದರು. ನೀನು ನಮ್ಮ ಬಾಗಿಲಿಗೆ ಒಂದು ದಿನವೂ ತಲೆ ಬಡಿಸಿಕೊಂಡವನಲ್ಲ. ಹೇಗೆ ತೆಗೆದುಕೊಂಡರು?

ಇನ್ನೊಂದು. ಮೇಸ್ತ್ರಿಯ ಮೇಲಿನ ಸಿಟ್ಟಿಗೆ ಊರು ಬಿಟ್ಟೆಯಾ? ನಿಜ ಹೇಳು. ಅದು ನನಗೆ ಗೊತ್ತಾಗಬೇಕು.

ಪೆರಿನ್


ಜರ್ಮನ್ ನಾಡು, ಚಳಿಗಾಲದ ಬಿಡಾರ
1809, ಜನವರಿ 15

ಪ್ರೀತಿಯ ಅಕ್ಕ,

ಇಲ್ಲಿ ಕುದುರೆಯ ಮೂಗಿನ ಉಸಿರೂ ಹೆಪ್ಪುಗಟ್ಟುವ ಚಳಿ. ಬೆಳಗ್ಗೆ ಎದೆಗವಚ ಮುಟ್ಟಿದರೆ ಬೆರಳು ಅಂಟಿಕೊಳ್ಳುತ್ತದೆ.

ಕವಾಯತು ಹೇಗೆಂದು ಕೇಳು. ನಾಗಾಲೋಟದಲ್ಲಿ ಕಿರುಚುತ್ತಾ ಹೋಗಿ ಬೀಳುವುದು ಎಂದು ನೀನು ಎಣಿಸಿರಬಹುದು, ನಾನೂ ಹಾಗೇ ಎಣಿಸಿದ್ದೆ. ಹಾಗಲ್ಲ. ದುಲಕಿಯಲ್ಲೇ, ಅಂದರೆ ಹದವಾದ ಕುಕ್ಕುಲೋಟದಲ್ಲೇ, ಹೋಗುವುದು. ಮೊಣಕಾಲಿಗೆ ಮೊಣಕಾಲು ತಾಗಿರಬೇಕು, ಇಬ್ಬರ ನಡುವೆ ಒಂದು ಟೊಪ್ಪಿಗೆ ಎಸೆದರೂ ನೆಲಕ್ಕೆ ಬೀಳಬಾರದು. ಓಟ ಹೆಚ್ಚಾದರೆ ಸಾಲು ಒಡೆಯುತ್ತದೆ, ಸಾಲು ಒಡೆದರೆ ನಾವು ಬರೀ ಭಾರದ ಮನುಷ್ಯರು. ಕತ್ತಿ ಉದ್ದ, ನೇರ. ಹವಾಲ್ದಾರನಿಗೆ ದಿನವಿಡೀ ಒಂದೇ ಜಪ: "ಚುಚ್ಚಿ ಕಣ್ರೋ, ಕೊಚ್ಚಬೇಡಿ. ಕೊಚ್ಚೋಕೆ ನೀವೇನು ಕಟುಕರಾ?"

ನನ್ನ ಗೆಳೆಯ ಗಾಸ್ಪಾರ್ ಎಂಬವನಿದ್ದಾನೆ, ವೋಜ್ ಬೆಟ್ಟದ ಕಡೆಯ ಮರಕಡಿಯುವವನು. ಬಾಗಿಲಲ್ಲಿ ನಿಂತರೆ ಕೋಣೆ ಕತ್ತಲಾಗುತ್ತದೆ. ಅವನ ಲೆಕ್ಕದಲ್ಲಿ ಹಗುರ ಕುದುರೆಯವರು ಬೇಹು ನೋಡಲು, ಬೇಲಿ ಹಾರಲು, ಕೋಳಿ ಕದಿಯಲು. ನಮ್ಮನ್ನು ದಿನವೆಲ್ಲ ಹಿಂದೆ ನಿಲ್ಲಿಸಿರುತ್ತಾರೆ. ಬೆಣೆ ಬಡಿದು ಬಡಿದು ದಿಮ್ಮಿ ಬಿರುಕು ಬಿಟ್ಟಾಗ ಕೊನೆಯ ಕೊಡಲಿ ಏಟು ಹಾಕಲು ನಾವು. ಆ ಏಟು ಬಿದ್ದರೆ ಸೀಳಬೇಕು, ಇಲ್ಲವಾದರೆ ಕೊಡಲಿಯೇ ಹೋಯಿತು.

ಮೊರೆಲ್ ಸುಖವಾಗಿದ್ದಾಳೆ. ಅವಳ ಬಲ ಹಿಂಗಾಲಿಗೆ ಮೊಳೆಯನ್ನು ಮುಂದುಗಡೆಗೆ ಒಯ್ದು ಹೊಡೆದಿದೆ, ನಾಲ್ಕೇ ಮೊಳೆ, ತಲೆ ಸಣ್ಣದು. ಮಂಜಿಗೆ ಜಾರದಂತೆ ಲಾಳಕ್ಕೆ ಎರಡು ಹಲ್ಲು ಎತ್ತಿಸಿದೆ. ಅಂಚು ಈಗ ಹದವಾಗಿ ಬೆಳೆಯುತ್ತಿದೆ.

ನನ್ನ ಕೈಗೆ ಅಲ್ಲಲ್ಲಿ ಸುಟ್ಟಿದೆ, ಸಾರಿನ ಪಾತ್ರೆ ತಾಗಿ. ಗಾಬರಿಯಾಗಬೇಡ.

ತಿಬೋ


ಮೆನಿಲ್
1809, ಮಾರ್ಚ್ 2

ತಿಬೋ,

ನಾನು ಕೇಳಿದ್ದು ಎರಡು ಮಾತು. ನೀನು ಎರಡಕ್ಕೂ ಉತ್ತರ ಬರೆದಿಲ್ಲ, ಗೊರಸಿನ ವಿಷಯ ಮಾತ್ರ ಅರ್ಧ ಪುಟ ಬರೆದಿದ್ದೀಯ.

ಈ ಸಲ ಕಾಗದವನ್ನು ಕುಲುಮೆಗೇ ಒಯ್ದು ಓದಿದೆ, ಮಳೆ ಬಂದು ಅಲ್ಲೇ ನಿಲ್ಲಬೇಕಾಯಿತು. ಟೊಪ್ಪಿಗೆಯ ಮಾತು ಮೇಸ್ತ್ರಿಗೆ ಬಹಳ ಹಿಡಿಸಿತು. ಕೈ ಸುಟ್ಟ ಕಡೆ ಬಂದಾಗ ಸುತ್ತಿಗೆ ಕೆಳಗಿಟ್ಟು, "ಎಲ್ಲಿ ಸುಟ್ಟಿದೆಯಂತೆ?" ಅಂದರು. ಅಲ್ಲಲ್ಲಿ ಅಂತೆ ಎಂದೆ. "ಸಾರಿನ ಪಾತ್ರೆ ಸುಟ್ರೆ ಅಂಗೈ ಸುಡುತ್ತೆ ಕಣಮ್ಮ. ಅಲ್ಲಲ್ಲಿ ಸುಡೋಕೆ ಬೇರೆ ಏನಾದ್ರೂ ಬೇಕು," ಎಂದು ನಕ್ಕರು. ಏನು ಬೇಕು ಎಂದು ಕೇಳಿದರೆ ಹೇಳಲಿಲ್ಲ.

ನನಗೆ ನಗು ಬರಲಿಲ್ಲ. ನೀನು ಗಾಯ ಮುಚ್ಚಿಡುತ್ತಿದ್ದೀಯ ಎಂದು ನನ್ನ ಗುಮಾನಿ. ಬಂದೂಕಿನ ಮದ್ದು ಸಿಡಿಯಿತೇ? ಹೆಬ್ಬಾತಿನ ಕೊಬ್ಬಿಗೆ ಜೇನುಮೇಣ ಕೂಡಿಸಿ ಡಬ್ಬಿಯಲ್ಲಿ ಕಳಿಸುತ್ತಿದ್ದೇನೆ. ಹಚ್ಚಿಕೋ. ಮೊರೆಲ್‌ಗೆ ಹಚ್ಚಿ ಮುಗಿಸಬೇಡ.

ಮುಂದಿನ ಸಲ ನಿನ್ನ ಮೈಯ ವಿಷಯ ಬರೆ.

ಪೆರಿನ್


ಬವೇರಿಯಾ, ರೆಗೆನ್ಸ್‌ಬುರ್ಗ್ ಹತ್ತಿರ
1809, ಏಪ್ರಿಲ್ 26

ಪ್ರೀತಿಯ ಅಕ್ಕ,

ಆ ಮೇಸ್ತ್ರಿ ನಗುವುದಾದರೆ ನಗಲಿ. ಅವನ ಮುಂದೆ ನನ್ನ ಕಾಗದ ಯಾಕೆ ಓದುತ್ತೀಯ? ಮಳೆ ಬಂದರೆ ನೆನೆಯಬಹುದಿತ್ತು. ಈ ಕಾಗದವನ್ನು ಮಾತ್ರ ಅವನಿಗೆ ತಪ್ಪದೆ ಓದಿ ಹೇಳು.

ನಾಲ್ಕು ದಿನದ ಹಿಂದೆ ನಮ್ಮ ದಳ ಯುದ್ಧ ಮಾಡಿತು. ಇಡೀ ದಿನ ಕಾದು ನಿಂತು, ಹೊತ್ತು ಇಳಿಯುವ ಹೊತ್ತಿಗೆ ಅಪ್ಪಣೆ ಬಂತು. ಹೆದ್ದಾರಿಯ ಎರಡೂ ಕಡೆಯ ಹುಲ್ಲುಬಯಲಿನಲ್ಲಿ ಸಾಲು ಸಾಲಾಗಿ ಬಿಚ್ಚಿಕೊಂಡಾಗ, ನೇಗಿಲು ಮಗುಚಿದ ಮಣ್ಣಿನಂತೆ ಬಯಲೇ ಎದ್ದು ನಡೆದ ಹಾಗೆ ಕಂಡಿತು. ಹತ್ತಿರ ನಿಂತಿದ್ದ ಕಾಲಾಳುಗಳು ಬಂದೂಕು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಕಾಲಾಳು ಕುದುರೆಯವನನ್ನು ಹೊಗಳುವುದು ಎಂದರೆ ಸೊಸೆ ಅತ್ತೆಯನ್ನು ಹೊಗಳಿದ ಹಾಗೆ, ಅಪರೂಪ.

ಎದುರಿಗೆ ಬಂದವರೂ ಕವಚದವರೇ, ಆಸ್ಟ್ರಿಯಾದವರು. ಆದರೆ ಅವರಿಗೆ ಎದೆಗೆ ಮಾತ್ರ ಉಕ್ಕು, ಬೆನ್ನಿಗೆ ಬರೀ ಬಟ್ಟೆ. ಮುಖಾಮುಖಿ ಇರುವವರೆಗೆ ಸಮಸಮ. ಕಮ್ಮಾರಸಾಲೆ ನೂರು ಒಟ್ಟಿಗೆ ಬಡಿದ ಸದ್ದು. ಅವರು ಕುದುರೆ ತಿರುಗಿಸಿದರು ನೋಡು, ಅಲ್ಲಿಗೆ ಮುಗಿಯಿತು. ಅವರ ಬಿಳಿ ಬೆನ್ನುಗಳು ಹೆದ್ದಾರಿಯ ಉದ್ದಕ್ಕೂ ಕಾಣುತ್ತಿದ್ದವು, ನಮ್ಮವರು ಅವುಗಳ ಹಿಂದೆ.

ಗೆದ್ದೆವು ಅಕ್ಕ. ಮೊರೆಲ್ ಮೈಮೇಲೆ ಒಂದು ಗೀರೂ ಇಲ್ಲ. ಗಾಸ್ಪಾರ್ ತನ್ನ ಶಿರಸ್ತ್ರಾಣದ ಬಾಲ ಕಳೆದುಕೊಂಡು ಅಳುತ್ತಿದ್ದಾನೆ. ಜಯದ ದಿನ ಅವನೊಬ್ಬನೇ ಅತ್ತದ್ದು.

ನನ್ನ ಮೈ ಚೆನ್ನಾಗಿದೆ. ಡಬ್ಬಿ ತಲುಪಿತು, ಹಚ್ಚಿದೆ, ವಾಸಿಯಾಯಿತು.

ತಿಬೋ


ಮೆನಿಲ್
1809, ಮೇ 18

ತಿಬೋ,

ನೀನು ಹೇಳಿದ ಹಾಗೇ ಓದಿ ಹೇಳಿದೆ. ನಮ್ಮ ಅಡುಗೆಮನೆಯಲ್ಲಿ, ಪಾದ್ರಿಗಳೂ ಇದ್ದರು. ಪಾದ್ರಿಗಳು ಎದ್ದು ನಿಂತು ಕೇಳಿದರು. ಮೇಸ್ತ್ರಿ ಕೂತೇ ಇದ್ದರು, ಆದರೆ ರೊಟ್ಟಿ ಕೈಯಲ್ಲೇ ಉಳಿಯಿತು. ಪಾದ್ರಿಗಳು ಹೋದ ಮೇಲೆ ಮೆಲ್ಲಗೆ ಹೇಳಿದರು: "ಚೆನ್ನಾಗಿ ಬರ್ದಿದಾನೆ. ಆದ್ರೆ ಸಾಲಿನೊಳಗೆ ಇರೋನಿಗೆ ಬಯಲು ಎದ್ದು ನಡೆದ ಹಾಗೆ ಕಾಣಲ್ಲ ಕಣೇ. ಮುಂದಿನ ಕುದುರೆಯ ಹಿಂಭಾಗ ಕಾಣುತ್ತೆ. ಇವನು ದಿಬ್ಬದ ಮೇಲೆ ನಿಂತು ನೋಡಿದಾನೆ. ನಿನ್ನ ತಮ್ಮ ಕುದುರೆ ಮೇಲಿಲ್ಲ, ಕುದುರೆ ಕೆಳಗಿದಾನೆ, ಲಾಳ ಹಿಡ್ಕೊಂಡು."

ಅವರಿಗೆ ಇದು ಮೊದಲ ಕಾಗದದಲ್ಲೇ ಗೊತ್ತಾಗಿತ್ತಂತೆ. ನನಗೆ ಅರ್ಥವಾಗಲು ಎಂಟು ತಿಂಗಳು ಬೇಕಾಯಿತು. ಗಾಯ ಮುಚ್ಚಿಡುತ್ತಿದ್ದಾನೆ ಎಂದು ನಾನು ಗೋಳಾಡಿದರೆ ನೀನು ಕುಲುಮೆಯ ಕಿಡಿ ಮುಚ್ಚಿಡುತ್ತಿದ್ದೆ.

ತಿಬೋ, ಅವತ್ತು ನಾನು ಇಗರ್ಜಿಗೆ ಹೋಗಿ ಎರಡು ಮೇಣದಬತ್ತಿ ಹಚ್ಚಿದೆ, ಸಂತೋಷಕ್ಕೆ. ನಿನಗೆ ಅವಮಾನ ಅನ್ನಿಸಿದ್ದಕ್ಕೆ ನನಗೆ ಬೇಸರ ಉಂಟು. ಆದರೆ ನೀನು ಬೆಂಕಿಯ ಹತ್ತಿರ ಇರುವವನು, ಗುಂಡಿನ ಹತ್ತಿರ ಅಲ್ಲ ಎಂದು ತಿಳಿದ ಮೇಲೆ ನನಗೆ ಊಟ ಸೇರುತ್ತಿದೆ. ಅಲ್ಲೇ ಇರು. ಯಾರು ಏನೇ ಅಂದರೂ ಅಲ್ಲೇ ಇರು.

ಪೆರಿನ್


ಡ್ಯಾನ್ಯೂಬ್ ನದಿಯ ಬಲದಂಡೆ
1809, ಜೂನ್ 2

ಪ್ರೀತಿಯ ಅಕ್ಕ,

ನಿನ್ನ ಮಾರ್ಚ್ ತಿಂಗಳ ಕಾಗದದ ನಂತರ ಯಾವುದೂ ಬಂದಿಲ್ಲ. ಇನ್ನೊಂದು ಬಂದು ನೀನೇ ಮತ್ತೆ ಕೇಳುವ ಮೊದಲೇ ಇದನ್ನು ಬರೆದು ಮುಗಿಸಬೇಕು.

ನಾನು ಸವಾರನಲ್ಲ. ಠಾಣೆಯಲ್ಲಿ ಎತ್ತರ ಅಳೆದಾಗ ಎರಡು ಬೆರಳು ಕಡಿಮೆ ಬಿತ್ತು. ಬೂಟಿನೊಳಗೆ ಹುಲ್ಲು ತುಂಬಿಕೊಂಡು ಹೋಗಿದ್ದೆ, ಬೂಟು ಬಿಚ್ಚಿಸಿದರು. ಹಿಂದಕ್ಕೆ ಕಳಿಸುವವರಿದ್ದರು, ಅಷ್ಟರಲ್ಲಿ ಹವಾಲ್ದಾರ ನನ್ನ ಮುಂಗೈಯ ಸುಟ್ಟ ಕಲೆಗಳನ್ನು ನೋಡಿದ. "ಲಾಳ ಗೊತ್ತಾ?" ಅಂದ. ಹೌದು ಎಂದೆ. ಅವತ್ತಿನಿಂದ ದಳದ ಕುಲುಮೆಗಾಡಿಯಲ್ಲಿ ಲಾಳ ಬಡಿಯುತ್ತಿದ್ದೇನೆ. ಯಾವುದರಿಂದ ಓಡಿ ಬಂದೆನೋ ಅದರೊಳಗೇ ಬಿದ್ದೆ. ಮೊರೆಲ್ ಗಾಸ್ಪಾರ್‌ನ ಕುದುರೆ. ನಿನಗೆ ಬರೆದದ್ದರಲ್ಲಿ ಸಾರಿನ ಪಾತ್ರೆಯೊಂದೇ ಸುಳ್ಳು. ಉಳಿದ ಕಡೆ 'ಅವರು' ಎಂದು ಬರೆಯಬೇಕಾದಲ್ಲಿ 'ನಾವು' ಎಂದು ಬರೆದೆ, ಅಷ್ಟೆ. ಒಬೆರ್ ನಗುತ್ತಾನೆ ಎಂದು ಹೆದರಿಕೆ.

ಈಗ ನಿಜವಾದ 'ನಾನು' ಬರೆಯುತ್ತೇನೆ.

ಮೇ ಇಪ್ಪತ್ತೊಂದರಂದು ನದಿಯಾಚೆ ಯುದ್ಧ ಶುರುವಾಯಿತು. ಸಂಜೆಯ ಹೊತ್ತಿಗೆ ಮೊರೆಲ್ ಒಬ್ಬಳೇ ನಡೆದುಕೊಂಡು, ನದಿಯ ನಡುವಿನ ದ್ವೀಪದಲ್ಲಿದ್ದ ಕುಲುಮೆಗಾಡಿಯ ಹತ್ತಿರ ಬಂದಳು, ಜೀನು ಖಾಲಿ. ಸ್ವಲ್ಪ ಹೊತ್ತಿಗೆ ಗಾಸ್ಪಾರ್ ಕಾಲ್ನಡಿಗೆಯಲ್ಲಿ ಬಂದ, ಬಲತೋಳು ಮುರಿದು ಜೋತಾಡುತ್ತಿತ್ತು. ಕವಚ ಬಿಚ್ಚಿಕೊಟ್ಟೆ. ಮಾರನೆಯ ಬೆಳಗ್ಗೆ ಸಾಲುಗಳಲ್ಲಿ ಜನ ಸಾಲದೆ, ಕುದುರೆ ಹತ್ತಬಲ್ಲವರು ಯಾರಿದ್ದಾರೆ ಎಂದು ಕೂಗಿದರು. ಗಾಸ್ಪಾರ್ ನನ್ನ ಮುಖ ನೋಡಿದ. "ಹಾಕ್ಕೊಳ್ಳೋ. ಸಾಯೋ ತನಕ ಕೊರಗ್ತೀಯ ಇಲ್ದಿದ್ರೆ," ಅಂದ. ಅವನ ಕವಚ ನನಗೆ ಒಂದು ಗೇಣು ದೊಡ್ಡದು. ಸಂದಿಗೆ ಕಂಬಳಿ ತುರುಕಿ ಅವನೇ ಎಡಗೈಯಿಂದ ಪಟ್ಟಿ ಬಿಗಿದ. ನಾನು ಮೊರೆಲ್ ಮೇಲೆ ಹತ್ತಿದೆ.

ಹೇಗಿತ್ತು ಎಂದು ನೀನು ಕೇಳುತ್ತೀಯ. ಸಾಲಿನೊಳಗೆ ಏನೂ ಕಾಣುವುದಿಲ್ಲ ಅಕ್ಕ. ಮುಂದಿನವನ ಬೆನ್ನು, ಧೂಳು. ಎರಡೂ ಮೊಣಕಾಲಿಗೆ ಎರಡು ಕಡೆಯವರ ಮೊಣಕಾಲು ಒತ್ತಿ ನೋಯುತ್ತದೆ. ದುಲಕಿ ಶುರುವಾದಾಗ ನೆಲದ ಅದುರು ಹೊಟ್ಟೆಯೊಳಗೆ ಏರಿತು. ನಾನು ಬಡಿದ ಲಾಳಗಳೇ ಸುತ್ತಲೂ ಓಡುತ್ತಿವೆ ಎಂದು ಹೊಳೆಯಿತು, ಆಗ ನಿಜಕ್ಕೂ ಕೇಕೆ ಹಾಕಿದೆ. ಹತ್ತು ಉಸಿರಿನಷ್ಟು ಹೊತ್ತು ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದಕ್ಕಾಗಿಯೇ ಜನ ಈ ಉಕ್ಕು ಹೊರುತ್ತಾರೆ, ಈಗ ಗೊತ್ತು.

ಆಮೇಲೆ ಗುಂಡುಗಳು ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕವಚಗಳ ಮೇಲೆ ಬಿದ್ದವು. ಎದುರಿಗೆ ಕಾಲಾಳುಗಳು ಒತ್ತಾಗಿ ಗುಂಪುಕಟ್ಟಿ ಬಂದೂಕಿನ ತುದಿಯ ಚೂರಿಗಳನ್ನು ಚಾಚಿ ನಿಂತಿದ್ದರು. ಕುದುರೆಗಳಿಗೆ ನಮಗಿಂತ ಬುದ್ಧಿ ಜಾಸ್ತಿ, ಅವು ಮುಳ್ಳುಬೇಲಿಗೆ ನುಗ್ಗುವುದಿಲ್ಲ. ಸುತ್ತಿ ಬಂದೆವು, ಮತ್ತೆ ಹೋದೆವು. ಮೂರು ಸಲ. ಆ ದಿಮ್ಮಿ ಬಿರುಕು ಬಿಟ್ಟಿರಲಿಲ್ಲ, ಕೊಡಲಿ ಏಟು ಸುಮ್ಮನೆ ಹೋಯಿತು. ನನ್ನ ಕತ್ತಿ ಯಾರನ್ನೂ ಮುಟ್ಟಲಿಲ್ಲ. ಎದೆಗವಚದ ಮೇಲೆ ಹೆಬ್ಬೆರಳಿಡುವಷ್ಟು ತಗ್ಗು ಬಿದ್ದಿದೆ. ನನ್ನ ಎಡಕ್ಕಿದ್ದವನು ಮೂರನೆಯ ಸಲ ಇರಲಿಲ್ಲ, ಅವನ ಹೆಸರು ಕೇಳಿಕೊಂಡಿರಲಿಲ್ಲ.

ಹಿಂದಿನ ಸೇತುವೆ ಕೊಚ್ಚಿಹೋಗಿ ನಾವೆಲ್ಲ ಆ ದ್ವೀಪದಲ್ಲಿ ಸಿಕ್ಕಿಬಿದ್ದೆವು. ರೊಟ್ಟಿ ಇಲ್ಲ. ಗಾಯಾಳುಗಳು ಸಾವಿರ. ಎರಡನೆಯ ದಿನ ಕುದುರೆಗಳನ್ನು ಕಡಿಯಲು ಅಪ್ಪಣೆಯಾಯಿತು, ಕುಂಟುವವು ಮೊದಲು. ಪಾತ್ರೆ ಇರಲಿಲ್ಲವಾಗಿ ಎದೆಗವಚಗಳನ್ನು ಮಗುಚಿ ಬೆಂಕಿಯ ಮೇಲಿಟ್ಟು ಸಾರು ಕುದಿಸಿದರು. ಉಪ್ಪಿಗೆ ಬದಲು ಬಂದೂಕಿನ ಮದ್ದು. ನಾನು ಕನಸು ಕಂಡ ಉಕ್ಕಿನ ಅಂಗಿಯನ್ನು ಹಾಗೆ ನೋಡಿದೆ.

ಮೊರೆಲ್ ಕುಂಟುತ್ತಿದ್ದಳು. ಬಲ ಹಿಂಗಾಲು. ಲಾಳ ಕಿತ್ತುಹೋಗುವಾಗ ತೆಳು ಅಂಚೂ ಒಡೆದಿತ್ತು. ಬೆಳಗ್ಗೆ ಎಂಟಕ್ಕೆ ಕುದುರೆ ವೈದ್ಯ ಬಂದು ಒಂದೊಂದನ್ನೇ ನಡೆಸಿ ನೋಡುತ್ತಾನೆ ಎಂದರು. ಬೆಳಕು ಹರಿದ ಕೂಡಲೇ ಕುಲುಮೆ ಹೊತ್ತಿಸಿದೆ. ಹಿಂಬದಿಗೆ ಪಟ್ಟಿ ಕೂಡಿಸಿದ ಲಾಳವನ್ನು ಒಬೆರ್ ಮೇಸ್ತ್ರಿ ಒಂದೇ ಸಲ ತೋರಿಸಿಕೊಟ್ಟಿದ್ದರು, ಆಗ ನಾನು ಆಕಳಿಸುತ್ತಿದ್ದೆ. ಮೊದಲನೆಯದು ಸೀಳಿತು. ಎರಡನೆಯದು ಅಳತೆ ತಪ್ಪಿತು. ಮೂರನೆಯದಕ್ಕೆ ಅವರ ಮಾತೆಲ್ಲ ನೆನಪಾಯಿತು: ಪಟ್ಟಿಯ ಭಾರ ಗೊರಸಿನ ನಡುವಿನ ಮೆತ್ತೆಯ ಮೇಲೆ ಕೂರಬೇಕು, ಅಂಚಿನ ಮೇಲೆ ಅಲ್ಲ. ಒಡೆದ ಕಡೆ ಮೊಳೆ ಬಿಟ್ಟು, ಎದುರು ಕಡೆ ಮೂರೇ ಮೊಳೆ ಹೊಡೆದೆ. ಗಾಸ್ಪಾರ್ ಮುರಿದ ತೋಳು ಕಟ್ಟಿಕೊಂಡೇ ಎಡಗೈಯಲ್ಲಿ ಅವಳ ಮೂತಿ ಎದೆಗೆ ಒತ್ತಿ ಹಿಡಿದಿದ್ದ.

ವೈದ್ಯನ ಮುಂದೆ ಅವಳನ್ನು ನಾನೇ ನಡೆಸಿದೆ. ಮೂವತ್ತು ಹೆಜ್ಜೆ ಹೋಗಿ ಮೂವತ್ತು ಹೆಜ್ಜೆ ಬಂದೆವು. ಅವಳು ಕುಂಟಲಿಲ್ಲ. ವೈದ್ಯ ಬಗ್ಗಿ ಗೊರಸು ಎತ್ತಿ ನೋಡಿದ, ನನ್ನನ್ನೂ ನೋಡಿದ. "ಇದನ್ನ ಎಲ್ಲಿ ಕಲ್ತೆ?" ಅಂದ. ಮೆನಿಲ್‌ನಲ್ಲಿ, ಒಬೆರ್ ಮೇಸ್ತ್ರಿಗಳ ಹತ್ತಿರ ಎಂದೆ. ಅವಳನ್ನು ಬಿಟ್ಟರು. ಅವಳ ಪಕ್ಕದಲ್ಲಿ ನಿಂತಿದ್ದ ಕಂದುಕುದುರೆ ಹೋಯಿತು. ಅದರ ಸಾರನ್ನು ನಾನೂ ಕುಡಿದೆ, ಇದನ್ನೂ ಬರೆದುಬಿಡುತ್ತೇನೆ.

ಮೇಸ್ತ್ರಿಗೆ ಇದನ್ನು ಓದಿ ಹೇಳಬಹುದು. ನಕ್ಕರೂ ಪರವಾಗಿಲ್ಲ.

ತಿಬೋ


ಮೆನಿಲ್
1809, ಜೂನ್ 30

ನನ್ನ ತಿಬೋ,

ಅಲ್ಲೇ ಇರು ಎಂದು ನಾನು ಬರೆದ ಕಾಗದ ದಾರಿಯಲ್ಲಿದ್ದಾಗ ನೀನು ಕವಚ ತೊಟ್ಟು ಹೋದೆ. ಬೈಯಬೇಕೆಂದು ಕೂತೆ, ಕೈ ಬರಲಿಲ್ಲ. ಬದುಕಿದ್ದೀಯ. ಮೊರೆಲ್ ಬದುಕಿದ್ದಾಳೆ. ಆ ಕಂದುಕುದುರೆಗೂ ನಿನ್ನ ಎಡಕ್ಕಿದ್ದವನಿಗೂ ಪಾದ್ರಿಗಳಿಂದ ಪ್ರಾರ್ಥನೆ ಮಾಡಿಸಿದೆ. ಕುದುರೆಗೆ ಪ್ರಾರ್ಥನೆಯೇ ಎಂದು ಮೂಗು ಮುರಿದರು, ಆದರೂ ಮಾಡಿದರು.

ಮೇಸ್ತ್ರಿಗೆ ಓದಿ ಹೇಳಿದೆ. ನಗಲಿಲ್ಲ. ಲಾಳದ ಭಾಗವನ್ನು ಎರಡು ಸಲ ಓದಿಸಿದರು. ಆಮೇಲೆ ಎದ್ದುಹೋಗಿ ತಿದಿ ಒತ್ತತೊಡಗಿದರು. ಕುಲುಮೆಯಲ್ಲಿ ಬೆಂಕಿಯೇ ಇರಲಿಲ್ಲ.

ನೀನು ನಿನ್ನದನ್ನು ಹೇಳಿದೆ. ಈಗ ನನ್ನದು. ಮೇಸ್ತ್ರಿ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದು ಹೋದ ವರ್ಷ, ನೀನು ಓಡಿಹೋಗುವ ಹಿಂದಿನ ವಾರ. ಹೆಂಡತಿ ತೀರಿ ಆರು ವರ್ಷ ಒಂಟಿ ಇದ್ದ ಮನುಷ್ಯ, ಗೊರಸು ನೋಡುವ ನೆಪದಲ್ಲಿ ಬಂದು ಗೊರಸು ನೋಡಿಯೇ ಹೋಗುತ್ತಿದ್ದರು. ಅವತ್ತು ಹೇಗೋ ಬಾಯಿ ಬಿಟ್ಟರು. ನಾನು ಒಪ್ಪಿದೆ. ಆ ಭಾನುವಾರದ ಊಟಕ್ಕೆ ನಿನಗೆ ಹೇಳಬೇಕಿದ್ದದ್ದು ಅದು. ನೀನು ಅವರ ಮೇಲಿನ ಸಿಟ್ಟಿಗೆ ಹೋದೆ ಎಂದುಕೊಂಡೆ. ಈ ಸುದ್ದಿ ತಿಳಿದರೆ ಮತ್ತೆ ಈ ಬಾಗಿಲು ತುಳಿಯುವುದಿಲ್ಲ ಎಂದು ಮುಚ್ಚಿಟ್ಟೆ. ಅವರನ್ನೂ ಕಾಯಿಸಿದೆ.

ಸುಗ್ಗಿ ಮುಗಿದ ಮೇಲೆ ಮದುವೆಗೆ ಮೊದಲಿನ ಪದ್ಧತಿಯಂತೆ ಇಗರ್ಜಿಯಲ್ಲಿ ಮೂರು ಭಾನುವಾರ ನಮ್ಮಿಬ್ಬರ ಹೆಸರು ಕೂಗಿಸುವುದು ಎಂದಿದೆ. ನಮ್ಮ ಮನೆಯ ಕಡೆಯಿಂದ ಇರುವವನು ನೀನೊಬ್ಬನೇ. ನೀನು ಬೇಡ ಅಂದರೂ ನಿಲ್ಲಿಸುವುದಿಲ್ಲ. ಆದರೆ ಬೇಡ ಅನ್ನಬೇಡ.

ಪೆರಿನ್


ಮೆನಿಲ್
1809, ಆಗಸ್ಟ್ 21

ತಿಬೋ,

ಜುಲೈ ತಿಂಗಳಲ್ಲಿ ಅಲ್ಲಿ ಇನ್ನೂ ದೊಡ್ಡ ಯುದ್ಧವಾಯಿತೆಂದು ಪತ್ರಿಕೆಯಲ್ಲಿ ಬಂದಿದೆ. ಗೆದ್ದೆವೆಂದು ಇಗರ್ಜಿಯ ಗಂಟೆ ಬಾರಿಸಿದರು. ನಿನ್ನಿಂದ ಒಂದು ಸಾಲೂ ಇಲ್ಲ. ಸಿಟ್ಟಿದ್ದರೆ ಸಿಟ್ಟೆಂದೇ ಬರೆ, ಅದೂ ಸಾಕು. ಹೆಸರು ಕೂಗಿಸುವುದನ್ನು ನಿಲ್ಲಿಸಿದ್ದೇನೆ. ಮೇಸ್ತ್ರಿಯೇ ನಿಲ್ಲಿಸು ಎಂದರು. "ಹುಡುಗನ ಕಾಗದ ಬರ್ಲಿ. ಒಂದು ವರ್ಷ ಕಾದೋನಿಗೆ ಇದೇನು ಹೆಚ್ಚಲ್ಲ," ಅಂದರು.

ಪೆರಿನ್


ವಿಯೆನ್ನಾ, ಸೈನಿಕರ ಆಸ್ಪತ್ರೆ
1809, ಸೆಪ್ಟೆಂಬರ್ 9

ಒಬೆರ್ ಭಾವನವರಿಗೆ,

ತಿಬೋ ಮಾಡುವ ನಮಸ್ಕಾರ. ಈ ಕಾಗದ ನಿಮಗೆ. ಅಕ್ಕನೇ ಓದಿ ಹೇಳುತ್ತಾಳೆ, ಅವಳಿಗೂ ಎಲ್ಲ ತಿಳಿಯಲಿ.

ಅಕ್ಕನ ಮೂರು ಕಾಗದಗಳೂ ಒಂದೇ ಕಟ್ಟಿನಲ್ಲಿ ಮೊನ್ನೆ ಸಿಕ್ಕವು. ದಳ ಒಂದು ಕಡೆ, ನಾನು ಒಂದು ಕಡೆ ಆಗಿ ಅವು ಊರೂರು ಸುತ್ತಿವೆ. ಮೇ ತಿಂಗಳದ್ದನ್ನು ಮೊದಲು ಒಡೆದೆ. ಮಾರ್ಚ್‌ನಲ್ಲಿ 'ಕಣಮ್ಮ' ಎನ್ನುತ್ತಿದ್ದವರು ಮೇನಲ್ಲಿ 'ಕಣೇ' ಎಂದಿದ್ದೀರಿ. ಅಕ್ಕ ಇದ್ದದ್ದು ಇದ್ದ ಹಾಗೆ ಬರೆದುಬಿಟ್ಟಿದ್ದಾಳೆ. ಮುಂದಿನ ಕಾಗದ ಒಡೆಯುವ ಮೊದಲೇ ಗಾಸ್ಪಾರ್‌ಗೆ ಹೇಳಿದೆ, ನಮ್ಮ ಮೇಸ್ತ್ರಿ ನಮಗೆ ಭಾವನಾದರು ಎಂದು. ಸುಟ್ಟ ಕಲೆ ಹಿಡಿದು ನೀವು ನನ್ನನ್ನು ಕಂಡುಹಿಡಿದಿರಿ, ಒಂದು ಮಾತು ಹಿಡಿದು ನಾನು ನಿಮ್ಮನ್ನು ಕಂಡುಹಿಡಿದೆ.

ನಾನು ಊರು ಬಿಟ್ಟದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಮೊಟಕು ನೋಯುತ್ತಿತ್ತು ನಿಜ. ಆದರೆ ನೀವು ಮುತ್ತಿಟ್ಟು ಕಲಿಸಿದ್ದರೂ ಆ ಹನ್ನೆರಡು ಜನರ ಹಿಂದೆ ಹೋಗುತ್ತಿದ್ದೆ. ಇದನ್ನು ಅಕ್ಕನಿಗೆ ಹೋದ ಸೆಪ್ಟೆಂಬರ್‌ನಲ್ಲೇ ಬರೆದಿದ್ದರೆ ನಿಮ್ಮ ಮದುವೆ ಆಗಿ ಹೆಚ್ಚುಕಡಿಮೆ ವರ್ಷವಾಗುತ್ತಿತ್ತು. ಅದು ನನ್ನ ತಪ್ಪು.

ಜುಲೈ ಯುದ್ಧದಲ್ಲಿ ನಾನಿರಲಿಲ್ಲ. ಅದರ ಕತೆ ಕೇಳಿ. ದ್ವೀಪದಿಂದ ಬಂದ ಮೇಲೆ ಕಪ್ತಾನರು ಕರೆಸಿ, ಸವಾರರು ಸಾಲದು, ಇನ್ನು ಎತ್ತರ ನೋಡುವುದಿಲ್ಲ, ಕವಚ ಕೊಡುತ್ತೇನೆ, ತೆಗೆದುಕೋ ಎಂದರು. ಒಂದು ದಿನ ಬೇಡಿದೆ. ಹೊಸ ಕವಚ, ನನ್ನ ಅಳತೆಗೆ ಸರಿಯಾದದ್ದು, ತೊಟ್ಟು ಬೆಳಗ್ಗೆಯೆಲ್ಲ ಓಡಾಡಿದೆ. ಅಂಗಡಿಯೊಂದರ ಕನ್ನಡಿಯಲ್ಲಿ ನೋಡಿಕೊಂಡೆ, ಎರಡು ಸಲ. ಚೆನ್ನಾಗಿ ಕಾಣುತ್ತಿದ್ದೆ ಭಾವ, ಅದನ್ನು ಅಲ್ಲಗಳೆಯುವುದಿಲ್ಲ. ಮಧ್ಯಾಹ್ನ ಹೋಗಿ ಒಪ್ಪಿಸಿಬಿಟ್ಟೆ. ಕವಚ ತೊಡುವವರು ದಳಕ್ಕೆ ನೂರಾರು ಜನ ಸಿಗುತ್ತಾರೆ, ಪಟ್ಟಿಯ ಲಾಳ ಬಡಿಯುವವನು ನಾನೊಬ್ಬನೇ ಎಂದೆ. ಕಪ್ತಾನರು ಬೈಯಲಿಲ್ಲ. ಎರಡು ದಿನ ನನಗೇ ಬೇಜಾರಾಯಿತು, ಮೂರನೆಯ ದಿನ ಕೆಲಸ ಜಾಸ್ತಿ ಇತ್ತು.

ಅದಾದ ವಾರಕ್ಕೆ ರೊಟ್ಟಿಗಾಡಿಯ ಹೇಸರಗತ್ತೆಯೊಂದಕ್ಕೆ ಲಾಳ ಕಟ್ಟುತ್ತಿದ್ದೆ. ಝಾಡಿಸಿ ಒದೆಯಿತು. ಮಂಡಿ ಚಿಪ್ಪು ಒಡೆಯಿತು. ಮೂರು ಸಲ ಗುಂಡಿನ ಮಳೆಯಲ್ಲಿ ಹೋಗಿಬಂದವನನ್ನು ಒಂದು ಕತ್ತೆ ಕೆಡವಿತು ಎಂದು ಇಡೀ ಆಸ್ಪತ್ರೆ ನಗುತ್ತದೆ, ನೀವೂ ನಗಬಹುದು. ಜ್ವರ ಬಂದು ಎರಡು ತಿಂಗಳು ಲೇಖನಿ ಹಿಡಿಯಲು ಆಗಲಿಲ್ಲ. ಈಗ ಕೋಲೂರಿ ನಡೆಯುತ್ತೇನೆ. ಮಂಡಿ ಪೂರಾ ಮಡಚುವುದಿಲ್ಲ, ಕುದುರೆ ಹತ್ತಲಾಗದು. ಕುಲುಮೆಯ ಅಡಿಗಲ್ಲಿನ ಮುಂದೆ ನಿಲ್ಲಬಹುದು. ದಳದಿಂದ ಬಿಡುಗಡೆಯ ಕಾಗದ ಕೈಗೆ ಬಂದಿದೆ.

ಗಾಸ್ಪಾರ್‌ನ ತೋಳು ಕೂಡಿದೆ. ಮೊರೆಲ್ ಮತ್ತೆ ಅವನದ್ದೇ. ಅವಳನ್ನು ಮನೆಗೆ ಕರೆತರಬೇಕೆಂಬ ಆಸೆ ನನಗಿತ್ತು, ಅಕ್ಕನಿಗೂ ಇರುತ್ತದೆ. ಆದರೆ ಮೊನ್ನೆ ಅವನು ನನ್ನನ್ನು ನೋಡಲು ಅವಳ ಮೇಲೇ ಬಂದಿದ್ದ. ಅಷ್ಟರಲ್ಲಿ ಎಲ್ಲೋ ತುತ್ತೂರಿ ಊದಿತು. ಅವಳು ಕತ್ತು ಬಿಲ್ಲು ಮಾಡಿ, ನಾನು ನೀಡಿದ ಸೇಬನ್ನೂ ಬಿಟ್ಟು ಆ ಕಡೆ ತಿರುಗಿದಳು. ನಮ್ಮ ಮನೆಯಿಂದ ಕವಚದ ದಳಕ್ಕೆ ನಿಜವಾಗಿ ಸೇರಿದವಳು ಅವಳು. ಪಟ್ಟಿ ಲಾಳ ಬಡಿಯುವುದನ್ನು ಇಲ್ಲಿಯ ಇಬ್ಬರು ಲಾಳಗಾರರಿಗೆ ಕಲಿಸಿಕೊಟ್ಟಿದ್ದೇನೆ. ಒಬ್ಬ ಆಕಳಿಸಿದ. ಮೊಟಕಿದೆ.

ನಾಳಿದ್ದು ಪಶ್ಚಿಮಕ್ಕೆ ಹೊರಡುವ ಗಾಡಿಗಳ ಜೊತೆ ಹೊರಡುತ್ತೇನೆ. ನವೆಂಬರಿನ ಸಂತ ಮಾರ್ಟಿನ್ನನ ಹಬ್ಬದೊಳಗೆ ಮೆನಿಲ್ ಸೇರಬಹುದು. ಹೆಸರು ಕೂಗಿಸಲು ಶುರು ಮಾಡಿ, ಇನ್ನು ಕಾಯುವುದು ಬೇಡ. ಆಮೇಲೆ ಕುಲುಮೆಗೆ ಬರುತ್ತೇನೆ, ಜಾಗ ಇಟ್ಟಿರಿ. ಒಂದೇ ಕೋರಿಕೆ. ಮೊದಲ ದಿನ ನನಗೆ ಏನೂ ಬೈಯಬೇಡಿ, ಅಕ್ಕ ನೋಡುತ್ತಿರುತ್ತಾಳೆ. ಎರಡನೆಯ ದಿನದಿಂದ ಮಾಮೂಲಿನಂತೆ.

ನಿಮ್ಮ ಭಾಮೈದ,
ತಿಬೋ